ಜಾತ್ರೆಯ ನೂಕುನುಗ್ಗಲಲ್ಲಿ ಪ್ರೋಟಾನು

ಸೊರಬ ಸೀಮೆಯ ಚಂದ್ರಗುತ್ತಿಯಲ್ಲಿ ರೇಣುಕಾಂಬೆಯ ಜಾತ್ರೆಗೆ ಮೆಟ್ಟಿಲೇರಿದವರು ಬಲ್ಲರು: ಬಯಲಿನಲ್ಲಿ ಬೀಸುಗಾಲಿಟ್ಟು ನಡೆವಾತನೇ ಗುಹೆಯ ಬಾಗಿಲಲ್ಲಿ ಹೆಜ್ಜೆ ಕಿರಿದುಮಾಡುತ್ತಾನೆ. ಪರಮಾಣುವಿನ ಪ್ರೋಟಾನಿಗೂ ಈ ಮಾತು ಸಲ್ಲುವುದೇ?

1911ರಲ್ಲಿ ರದರ್‌ಫರ್ಡರು ಪರಮಾಣುವಿನ ನಡುವೆ ಬೀಜವಿದೆಯೆಂದು ತೋರಿಸಿದರು. ಅದರಲ್ಲಿ ಪ್ರೋಟಾನು, ನ್ಯೂಟ್ರಾನುಗಳೂ ಅವುಗಳೊಳಗೆ ಕ್ವಾರ್ಕುಗಳೂ ಇರುವುದು ಮುಂದೆ ತಿಳಿಯಿತು. ಬೀಜದಲ್ಲಿ ಸೇರಿದರೂ ಪ್ರೋಟಾನಿನ ಒಳಗುಣ ಬಹುಮಟ್ಟಿಗೆ ಮಾರ್ಪಡದೆಂದು ಎಣಿಸಿದ್ದರು. 1983ರಲ್ಲಿ ಆ ಎಣಿಕೆ ತಪ್ಪಿತು. ಜಿನೀವಾ ಬಳಿಯ ಸರ್ನ್ ಸಂಸ್ಥೆಯಲ್ಲಿ ಮ್ಯೂಆನ್ ಕಣಗಳನ್ನು ಕಬ್ಬಿಣಕ್ಕೂ ಡ್ಯೂಟೀರಿಯಮ್ಮಿಗೂ ಹಾಯಿಸಿ ಹೋಲಿಸಿದರು. ಹೆಚ್ಚು ಸಂವೇಗ, ಎಂದರೆ ಓಟದ ಬಿರುಸು, ಹೊತ್ತ ಕ್ವಾರ್ಕುಗಳು ಕಬ್ಬಿಣದಲ್ಲಿ ವಿರಳವಾಗಿದ್ದವು.

ಬೀಜದ ಸರಾಸರಿ ದಟ್ಟಣೆಯೇ ಕಾರಣವೆಂದು ಹಲವರು ತರ್ಕಿಸಿದರು. 2009ರಲ್ಲಿ ಅಮೆರಿಕದ ಜೆಫರ್ಸನ್ ಪ್ರಯೋಗಾಲಯದವರು ಪ್ರಕಟಿಸಿದ ಬೆರಿಲಿಯಮ್ಮಿನ ಅಳತೆ ಇದಕ್ಕೆ ಒಗ್ಗಲಿಲ್ಲ. ಅದರ ಬೀಜ ಸರಾಸರಿಯಲ್ಲಿ ತೆಳು; ಆದರೂ ಮಾರ್ಪಾಡು ಇಂಗಾಲದಷ್ಟೇ. ಅದರ ಕಣಗಳು ಬಹುಪಾಲು ಎರಡು ಗುಂಪಾಗಿ ಒತ್ತಿ ನಿಲ್ಲುತ್ತವೆ. ಲೆಕ್ಕಕ್ಕೆ ಬರುವುದು ಇಡೀ ಗುಡ್ಡದ ಜನಸಂಖ್ಯೆಯಲ್ಲ, ಪಕ್ಕದವನ ಒತ್ತು ಎಂದಾಯಿತು.

ಎಲ್ಲ ಪ್ರೋಟಾನುಗಳೂ ತುಸು ಬದಲಾಗುವುವೋ, ಒತ್ತಿನಿಂತ ಜೋಡಿಗಳು ಮಾತ್ರ ಬಹಳ ಬದಲಾಗುವುವೋ ಎಂಬ ವಾದ ಇನ್ನೂ ಮುಗಿದಿಲ್ಲ. ನಮ್ಮ ಅಡಿಗೆಮನೆಯ ಕಬ್ಬಿಣದ ಬಾಣಲೆಯಲ್ಲಿಯೂ ಈ ಒಗಟು ಕುಳಿತಿದೆ.