ಐಸಿಯು ನರ್ಸ್‌ಗಳಿಗೆ ಗೊಂಬೆ ತರಬೇತಿ: ಏನಿದು, ಹೇಗೆ ನಡೆಯುತ್ತೆ?

ಚಳ್ಳಕೆರೆ/ಮೊಳಕಾಲ್ಮೂರು: ರಾತ್ರಿ ಎದೆನೋವು ಬಂದು ದೊಡ್ಡಾಸ್ಪತ್ರೆಗೆ ಹೋಗಿ ಅಂದರೆ ಚಳ್ಳಕೆರೆಯವರು ಸುಮಾರು 30 ಕಿ.ಮೀ. ದೂರದ ಚಿತ್ರದುರ್ಗಕ್ಕೆ ಗಾಡಿ ತಿರುಗಿಸುತ್ತಾರೆ. ಮೊಳಕಾಲ್ಮೂರಿನವರಿಗೆ ದುರ್ಗಕ್ಕಿಂತ ಬಳ್ಳಾರಿಯೇ ಹತ್ತಿರ. ಎಲ್ಲಿಗೆ ಹೋದರೂ ಐಸಿಯು ಬಾಗಿಲು ಮುಚ್ಚಿದ ಮೇಲೆ ಬೆಡ್ ಪಕ್ಕ ಬೆಳಗಿನವರೆಗೆ ಇರೋದು ನರ್ಸ್. ರೋಗಿಯ ಹೃದಯ ನಿಂತರೆ ಮೊದಲು ಗಮನಿಸುವವರೂ, ಎದೆ ಒತ್ತಲು ಶುರು ಮಾಡಬೇಕಾದವರೂ ಅವರೇ. ರಕ್ತ ಸಂಚಾರ ನಿಂತರೆ ನಾಲ್ಕೈದು ನಿಮಿಷದಲ್ಲೇ ಮಿದುಳಿಗೆ ಹಾನಿ ಆರಂಭವಾಗುತ್ತದೆ. ಡಾಕ್ಟರ್ ಬರಲಿ ಅಂತ ಕಾಯುವಷ್ಟು ಹೊತ್ತು ಇರುವುದಿಲ್ಲ.

ಆ ನಿಮಿಷಗಳನ್ನು ಮೊದಲೇ ಅಭ್ಯಾಸ ಮಾಡಿಸುವುದು ಸಿಮ್ಯುಲೇಷನ್ ತರಬೇತಿ. ಇದಕ್ಕೆ ಬಳಸುವ ಆಳೆತ್ತರದ ಗೊಂಬೆಗೆ ಹಳೆಯ ಕತೆಯಿದೆ. ನಾರ್ವೆಯ ಆಟಿಕೆ ತಯಾರಕ ಆಸ್ಮಂಡ್ ಲೇರ್ಡಾಲ್ 1960ರಲ್ಲಿ ‘ರೆಸಸಿ ಆನ್’ ಎಂಬ ಗೊಂಬೆ ತಂದರು. ಈಗಿನ ಕೆಲವು ಗೊಂಬೆಗಳಿಗೆ ನಾಡಿ ಬಡಿಯುತ್ತದೆ, ಎದೆ ಏರಿಳಿಯುತ್ತದೆ.

ಪಾಠ ಹೀಗೆ. ಗೊಂಬೆ ವೆಂಟಿಲೇಟರ್ ಮೇಲಿದೆ. ಪಕ್ಕದ ಕೋಣೆಯಲ್ಲಿ ಕುಳಿತ ತರಬೇತುದಾರರು ಆಮ್ಲಜನಕದ ಮಟ್ಟ ಇಳಿಸುತ್ತಾರೆ. ಮಾನಿಟರ್ ಕೂಗುತ್ತದೆ. ಟ್ಯೂಬ್ ಜಾರಿತೇ, ಕಫ ಕಟ್ಟಿತೇ, ಯಂತ್ರವೇ ಕೆಟ್ಟಿತೇ? ಒಬ್ಬ ನರ್ಸ್ ಆಂಬು ಬ್ಯಾಗ್ ಹಿಡಿಯಬೇಕು, ಇನ್ನೊಬ್ಬರು ಎಮರ್ಜೆನ್ಸಿ ಟ್ರಾಲಿ ಎಳೆಯಬೇಕು. ಹೃದಯ ನಿಂತರೆ ಒಬ್ಬರು ಎದೆ ಒತ್ತುತ್ತಾರೆ, ಎರಡು ನಿಮಿಷಕ್ಕೊಮ್ಮೆ ಕೈ ಬದಲಾಗುತ್ತದೆ. ‘ಅಡ್ರಿನಲಿನ್ 1 ಮಿ.ಗ್ರಾಂ’ ಅಂತ ಆದೇಶ ಬಂದರೆ ಕೊಟ್ಟವರು ‘1 ಮಿ.ಗ್ರಾಂ ಕೊಟ್ಟಾಯ್ತು’ ಅಂತ ಜೋರಾಗಿ ಹೇಳಲೇಬೇಕು. ಗದ್ದಲದಲ್ಲಿ ಒಂದೇ ಔಷಧ ಎರಡು ಸಲ ಹೋಗದಿರಲಿ ಅಂತ. (ಸಿನಿಮಾದಲ್ಲಿ ಗೆರೆ ನೇರವಾದ ತಕ್ಷಣ ಶಾಕ್ ಕೊಡುತ್ತಾರಲ್ಲ, ಅದು ತಪ್ಪು. ನೇರ ಗೆರೆಗೆ ಶಾಕ್ ಇಲ್ಲ.)

ಹತ್ತು ನಿಮಿಷದ ಆಟ ಮುಗಿದ ಮೇಲೆ ಅದಕ್ಕಿಂತ ಹೆಚ್ಚು ಹೊತ್ತು ಮಾತು. ಎಲ್ಲಿ ತಡವಾಯ್ತು, ಯಾರು ಹೇಳಲು ಹಿಂಜರಿದರು ಅಂತ ಬೈಗುಳವಿಲ್ಲದೆ ಚರ್ಚೆ. ನಿಜವಾದ ಕಲಿಕೆ ಆಗುವುದು ಇಲ್ಲೇ. ಸೀನಿಯರ್ ಡಾಕ್ಟರ್ ಎದುರು ‘ಸರ್, ಟ್ಯೂಬ್ ಜಾರಿದೆ’ ಅನ್ನುವ ಧೈರ್ಯ ಪುಸ್ತಕ ಓದಿ ಬರುವುದಿಲ್ಲ.

ಭಾರತೀಯ ನರ್ಸಿಂಗ್ ಪರಿಷತ್ತು 2021ರಲ್ಲಿ ಪ್ರಕಟಿಸಿದ ಪರಿಷ್ಕೃತ ಬಿಎಸ್ಸಿ ನರ್ಸಿಂಗ್ ಪಠ್ಯಕ್ರಮದಲ್ಲಿ ಸಿಮ್ಯುಲೇಷನ್‌ಗೆ ಜಾಗವಿದೆ. ಆದರೆ ಕಾಲೇಜಿನಲ್ಲಿ ಒಮ್ಮೆ ಕಲಿತರೆ ಸಾಲದು, ಕೈಚಳಕ ಕೆಲವೇ ತಿಂಗಳಲ್ಲಿ ಮಂಕಾಗುತ್ತದೆ. ಅಮೆರಿಕನ್ ಹಾರ್ಟ್ ಅಸೋಸಿಯೇಷನ್ ಪ್ರಮಾಣಪತ್ರಕ್ಕೂ ಎರಡೇ ವರ್ಷ ಅವಧಿ. ದುಬಾರಿ ಗೊಂಬೆ ಇಲ್ಲ ಅಂತ ಸಣ್ಣ ಆಸ್ಪತ್ರೆಗಳು ಸುಮ್ಮನಿರಬೇಕಿಲ್ಲ. ಅರ್ಧ ಮೈಯ ಸಾದಾ ಗೊಂಬೆ, ತಮ್ಮದೇ ವಾರ್ಡು, ತಮ್ಮದೇ ಟ್ರಾಲಿ ಇದ್ದರೆ ಅಣಕು ಅಭ್ಯಾಸ ನಡೆಸಬಹುದು. ಟ್ರಾಲಿಯಲ್ಲಿ ಲಾರಿಂಗೋಸ್ಕೋಪ್ ಬ್ಯಾಟರಿ ಸತ್ತಿದೆ ಅನ್ನೋದು ಕೂಡ ಆಗಲೇ ಗೊತ್ತಾಗುತ್ತದೆ.

ಅದೇ ಸಾದಾ ಗೊಂಬೆಯಲ್ಲಿ ಅಂಗಡಿಯವರು, ಬಸ್ ಕಂಡಕ್ಟರ್‌ಗಳೂ ಕಲಿಯಬಹುದು. ಎದುರಿಗಿದ್ದವರು ಕುಸಿದು, ಕರೆದರೂ ಓಗೊಡದೆ, ಸರಿಯಾಗಿ ಉಸಿರಾಡದಿದ್ದರೆ 108ಕ್ಕೆ ಕರೆ ಮಾಡಿ, ಎದೆಯ ನಡುವೆ ಎರಡೂ ಕೈ ಇಟ್ಟು 5ರಿಂದ 6 ಸೆಂ.ಮೀ. ಆಳಕ್ಕೆ, ನಿಮಿಷಕ್ಕೆ 100ರಿಂದ 120 ಬಾರಿ ಒತ್ತಬೇಕು. ಆಂಬ್ಯುಲೆನ್ಸ್ ಬರುವ ತನಕ ನಿಲ್ಲಿಸಬಾರದು.