ಓಜಿಯ ನರಿಬೆಂಕಿ (ಮುದ್ರಣಚಿತ್ರ)

'ಓಜಿಯ ಉಡುಪು ಬದಲಿಸುವ ಮರದ ಬಳಿ ವರ್ಷಾಂತ್ಯದ ನರಿಬೆಂಕಿ' ಎಂಬುದು ಜಪಾನಿನ ಕಲಾವಿದ ಉತಗವಾ ಹಿರೋಶಿಗೆ (1797–1858) ರಚಿಸಿದ, ಮರದಚ್ಚಿನಿಂದ ಮುದ್ರಿತವಾದ ವರ್ಣಚಿತ್ರವಾಗಿದೆ. 1857ರಲ್ಲಿ ಪ್ರಕಟವಾದ ಇದು 'ಎದೋದ ನೂರು ಪ್ರಸಿದ್ಧ ನೋಟಗಳು' ಎಂಬ ಮಾಲಿಕೆಗೆ ಸೇರಿದೆ. ಎದೋ ಎಂಬುದು ಇಂದಿನ ಟೋಕಿಯೋ ನಗರದ ಹಳೆಯ ಹೆಸರು. ಮಾಲಿಕೆಯ ಇತರ ಚಿತ್ರಗಳಲ್ಲಿ ಸಾಮಾನ್ಯವಾಗಿ ಸೇತುವೆ, ಬೀದಿ, ತೋಟ, ನದಿಗಳಂಥ ಕಣ್ಣಿಗೆ ಕಾಣುವ ಸ್ಥಳಗಳಿದ್ದರೆ, ಇದರಲ್ಲಿ ಜನಪದ ನಂಬಿಕೆಯೊಂದು ಚಿತ್ರವಾಗಿದೆ.

ಐತಿಹ್ಯ

ಇನಾರಿ ಜಪಾನೀಯರ ಭತ್ತದ ಬೆಳೆಯ ದೇವತೆ. ನರಿಗಳು ಆ ದೇವತೆಯ ದೂತರು. ವರ್ಷದ ಕೊನೆಯ ರಾತ್ರಿ ಕಾಂತೋ ಪ್ರಾಂತಗಳ ನರಿಗಳೆಲ್ಲ ಓಜಿಯ ದೊಡ್ಡ ಎನೊಕಿ ಮರದಡಿ ಸೇರಿ, ಆಸ್ಥಾನದ ಉಡುಪು ಧರಿಸಿ, ಅಲ್ಲಿನ ಇನಾರಿ ದೇಗುಲಕ್ಕೆ ತೆರಳುತ್ತವೆಂದು ಐತಿಹ್ಯ ಹೇಳುತ್ತದೆ. ಅವುಗಳೊಡನೆ ಚಲಿಸುವ ಬೆಳಕೇ 'ಕಿತ್ಸುನೆಬಿ', ಅಂದರೆ ನರಿಬೆಂಕಿ. ಕನ್ನಡ ನಾಡಿನ ಕೊಳ್ಳಿದೆವ್ವದ ಕಲ್ಪನೆಯನ್ನು ಇದು ನೆನಪಿಸುತ್ತದೆ. ಆದರೆ ಓಜಿಯ ರೈತರಿಗೆ ಈ ಬೆಂಕಿ ಕೇವಲ ಭಯದ ವಸ್ತುವಾಗಿರಲಿಲ್ಲ. ಅದನ್ನು ನೋಡಿ ಅವರು ಮುಂದಿನ ವರ್ಷದ ಬೆಳೆಯನ್ನು ಊಹಿಸುತ್ತಿದ್ದರು.

ಚಿತ್ರದ ವಿವರ

ನಕ್ಷತ್ರಗಳಿರುವ ಕಪ್ಪು ಆಕಾಶದ ಕೆಳಗೆ ಬೃಹತ್ ಮರವೊಂದು ನಿಂತಿದೆ. ಅದರಡಿ ನರಿಗಳ ಗುಂಪು. ಪ್ರತಿಯೊಂದರ ಮುಖದ ಬಳಿ ಪುಟ್ಟ ಜ್ವಾಲೆ. ಬಲಭಾಗದ ದೂರದ ಕತ್ತಲೆಯಿಂದ ಇನ್ನಷ್ಟು ಬೆಂಕಿಗಳು ಬರುತ್ತಿವೆ. ನರಿಗಳು ಇನ್ನೂ ಉಡುಪು ಧರಿಸಿಲ್ಲ. ನೋಡಲು ಸಾಮಾನ್ಯ ಪ್ರಾಣಿಗಳಂತೆಯೇ ಇವೆ. ಮಾಯೆ ನಡೆಯುವ ಮುನ್ನಿನ ಕ್ಷಣವನ್ನು ಆರಿಸಿಕೊಂಡಿರುವುದರಿಂದ ದೃಶ್ಯವು ಕನಸಿನಂತಿದ್ದರೂ ನಂಬಲರ್ಹವೆನಿಸುತ್ತದೆ.

ಮುದ್ರಣ ವಿಧಾನ

ಕಲಾವಿದನ ರೇಖಾಚಿತ್ರವನ್ನು ಕೆತ್ತನೆಗಾರನು ಮರದ ಹಲಗೆಗಳ ಮೇಲೆ ಕೊರೆಯುತ್ತಿದ್ದನು. ಮುದ್ರಕನು ಬಣ್ಣಗಳಿಗೆ ಬೇರೆಬೇರೆ ಅಚ್ಚುಗಳನ್ನು ಬಳಸಿ, ಕಾಗದವನ್ನು ಕೈಯಿಂದ ಉಜ್ಜಿ ಮುದ್ರಿಸುತ್ತಿದ್ದನು. ಹಲಗೆಯ ಮೇಲಿನ ಬಣ್ಣವನ್ನು ಕ್ರಮೇಣ ತಿಳಿಗೊಳಿಸುವ ವಿಧಾನಕ್ಕೆ 'ಬೊಕಾಶಿ' ಎಂದು ಹೆಸರು. ಈ ಚಿತ್ರದ ಕತ್ತಲೆಗೆ ಆಳ ಬಂದಿರುವುದು ಇದರಿಂದಲೇ. ಈ ಕೆಲಸ ಕೈಯಿಂದಲೇ ನಡೆಯುತ್ತಿದ್ದುದರಿಂದ ಪ್ರತಿಯಿಂದ ಪ್ರತಿಗೆ ಛಾಯೆ ವ್ಯತ್ಯಾಸವಾಗುತ್ತದೆ.

ರಸಗ್ರಹಣ

ಚಿತ್ರದಲ್ಲಿ ಒಬ್ಬ ಮನುಷ್ಯನೂ ಇಲ್ಲ. ಬೆಂಕಿಯನ್ನು ನೋಡಿ ಬೆಳೆಯನ್ನು ಅಂದಾಜು ಮಾಡಬೇಕಾದ ರೈತನು ಚಿತ್ರದ ಹೊರಗೆ, ನೋಡುಗನ ಸ್ಥಾನದಲ್ಲಿ ನಿಂತಿದ್ದಾನೆ. ಆದ್ದರಿಂದ ದೂರದ ಬೆಳಕುಗಳನ್ನು ಹುಡುಕುವ ನಮ್ಮ ಕಣ್ಣುಗಳು ಆತನ ಕಣ್ಣುಗಳೇ ಆಗುತ್ತವೆ. ಮುಂದಿನ ವರ್ಷ ಮನೆಯಲ್ಲಿ ಅನ್ನವಿರುವುದೋ ಇಲ್ಲವೋ ಎಂಬ ಆತಂಕವೇ ಈ ಕನಸಿನ ತಳಹದಿ.

ಇಂದಿನ ಆಚರಣೆ

ಓಜಿ ಈಗ ಟೋಕಿಯೋದ ಕಿತಾ ವಾರ್ಡಿನಲ್ಲಿದೆ. ಪ್ರತಿವರ್ಷ ಡಿಸೆಂಬರ್ 31ರ ರಾತ್ರಿ ಜನರು ನರಿಯ ಮುಖವಾಡ ಧರಿಸಿ, ಲಾಟೀನು ಹಿಡಿದು ಇನಾರಿ ದೇಗುಲಕ್ಕೆ ಮೆರವಣಿಗೆಯಲ್ಲಿ ಸಾಗುತ್ತಾರೆ.