ಗೆದ್ದ ಪಂದ್ಯ, ಅಳಿಸಿದ ಲೆಕ್ಕ

ಇತಿಹಾಸ ಎಂದೊಡನೆ ನಮಗೆ ರಾಜರು, ಯುದ್ಧಗಳು, ಶಾಸನಗಳು ನೆನಪಾಗುತ್ತವೆ. ಆಟದ ಅಂಕಿಪಟ್ಟಿಯೂ ಒಂದು ಐತಿಹಾಸಿಕ ದಾಖಲೆ ಎಂದರೆ ಕೆಲವರು ನಗಬಹುದು. ಆದರೆ ದಾಖಲೆ ಯಾವುದೇ ಇರಲಿ, ಇತಿಹಾಸದ ವಿದ್ಯಾರ್ಥಿ ಕೇಳಬೇಕಾದ ಪ್ರಶ್ನೆಗಳು ಒಂದೇ. ಇದನ್ನು ಬರೆದವರು ಯಾರು? ಯಾವಾಗ ಬರೆದರು? ಬರೆದದ್ದನ್ನು ಆಮೇಲೆ ಯಾರಾದರೂ ತಿದ್ದಿದ್ದಾರೆಯೇ? ಇತಿಹಾಸದ ಪಾಠ ಹೇಳುವವನಾಗಿ ಈ ಮೂರು ಪ್ರಶ್ನೆಗಳಿಗೆ ನಾನು ಕಂಡ ಒಳ್ಳೆಯ ಉದಾಹರಣೆಗಳಲ್ಲಿ ಅಮೆರಿಕದ ಕಾಲೇಜು ಫುಟ್‌ಬಾಲ್ ಒಂದು. ಅಲ್ಲಿ ಮೈದಾನದಲ್ಲಿ ಆಡಿ ಗೆದ್ದ ಪಂದ್ಯವನ್ನು ವರ್ಷಗಳ ನಂತರ ದಾಖಲೆಯಿಂದ ತೆಗೆದುಹಾಕುವ ಪದ್ಧತಿ ಇದೆ. ಐವತ್ತು ವರ್ಷಗಳ ಲೆಕ್ಕ ಬರೆದಿಡುವ ಈ ಸುವರ್ಣ ಮಹೋತ್ಸವ ಸಂಚಿಕೆಯಲ್ಲಿ ಆ ವಿಷಯವನ್ನು ಹೇಳುವುದು ಸೂಕ್ತವೆಂದು ನನಗೆ ತೋರಿತು.

ಸಾವಿರ ಗೆಲುವಿನ ತಂಡ

ಅಮೆರಿಕದವರು ಫುಟ್‌ಬಾಲ್ ಎನ್ನುವುದು ನಾವು ಕಾಲಿನಿಂದ ಒದ್ದು ಆಡುವ ಆಟವನ್ನಲ್ಲ. ಮೊಟ್ಟೆಯಾಕಾರದ ಚೆಂಡನ್ನು ಕೈಯಲ್ಲಿ ಹಿಡಿದು ಓಡುತ್ತಾ, ಎಸೆಯುತ್ತಾ, ಎದುರಾಳಿಗಳನ್ನು ದಾಟಿ ಮುಂದೆ ಸಾಗುವ ಆಟ ಅದು. ಕಾಲೇಜುಗಳ ನಡುವಿನ ಮೊದಲ ಪಂದ್ಯ ಎಂದು ಒಪ್ಪಿಕೊಂಡಿರುವುದು 1869ರ ನವೆಂಬರ್ 6ರಂದು ನ್ಯೂಜೆರ್ಸಿಯಲ್ಲಿ ರಟ್ಗರ್ಸ್ ಮತ್ತು ಪ್ರಿನ್ಸ್‌ಟನ್ ನಡುವೆ ನಡೆದದ್ದು. ಒಂದೊಂದು ಕಡೆಗೆ 25 ಮಂದಿ ಆಡಿದ ಆ ಪಂದ್ಯವನ್ನು ರಟ್ಗರ್ಸ್ 6–4ರಿಂದ ಗೆದ್ದಿತು. ಆಟ ಬೆಳೆದಂತೆ ಗಾಯ, ಸಾವುಗಳೂ ಹೆಚ್ಚಿದವು. 1905ರಲ್ಲಿ ಅಧ್ಯಕ್ಷ ಥಿಯೋಡರ್ ರೂಸ್‌ವೆಲ್ಟ್ ಅವರೇ ಕಾಲೇಜುಗಳ ಪ್ರತಿನಿಧಿಗಳನ್ನು ಕರೆದು ಮಾತಾಡಬೇಕಾಯಿತು. ಮರುವರ್ಷ ಕಾಲೇಜುಗಳು ಸೇರಿ ಕಟ್ಟಿಕೊಂಡ ಸಂಸ್ಥೆಯೇ ಮುಂದೆ ಎನ್‌ಸಿಎಎ ಎಂಬ ಹೆಸರು ಪಡೆಯಿತು. ಕಾಲೇಜು ಕ್ರೀಡೆಗಳ ನಿಯಮ, ಶಿಕ್ಷೆ, ಅಂಕಿಅಂಶ ಎಲ್ಲವೂ ಬಹುಕಾಲ ಈ ಸಂಸ್ಥೆಯ ಕೈಯಲ್ಲೇ ಇದ್ದವು. ಕಾನೂನು ಮಾಡುವವರು, ತೀರ್ಪು ಕೊಡುವವರು, ಚರಿತ್ರೆ ಬರೆಯುವವರು ಒಬ್ಬರೇ ಎಂಬ ಮಾತನ್ನು ಓದುಗರು ನೆನಪಿನಲ್ಲಿಡಬೇಕು.

ಅಲ್ಲಿನ ಜನಕ್ಕೆ ಒಟ್ಟು ಗೆಲುವಿನ ಲೆಕ್ಕವೆಂದರೆ ಮನೆತನದ ಗೌರವವಿದ್ದಂತೆ. ಬಹುಕಾಲ ಯೇಲ್ ವಿಶ್ವವಿದ್ಯಾಲಯ ಈ ಪಟ್ಟಿಯಲ್ಲಿ ಮುಂದಿತ್ತು. ಈ ಶತಮಾನದ ಆರಂಭದಲ್ಲಿ ಮಿಷಿಗನ್ ಅದನ್ನು ಹಿಂದಿಕ್ಕಿತು. 1879ರಲ್ಲಿ ಆಟ ಶುರುಮಾಡಿದ ಮಿಷಿಗನ್ 2023ರ ನವೆಂಬರ್ 18ರಂದು ಮೇರಿಲ್ಯಾಂಡ್ ತಂಡವನ್ನು 31–24ರಿಂದ ಸೋಲಿಸಿ, ಸಾವಿರ ಗೆಲುವು ಕಂಡ ಮೊದಲ ಕಾಲೇಜು ತಂಡವಾಯಿತು. ಈ ಸಾವಿರದಲ್ಲಿ ಎಲ್ಲವೂ ಒಂದೇ ತೂಕದವಲ್ಲ. 1891ರಲ್ಲಿ ತನ್ನದೇ ಊರಾದ ಆನ್ ಆರ್ಬರ್‌ನ ಹೈಸ್ಕೂಲ್ ತಂಡವನ್ನು ಸೋಲಿಸಿದ ಪಂದ್ಯವೂ ಅದರೊಳಗೆ ಒಂದು. ದೊಡ್ಡವರು ಹೈಸ್ಕೂಲ್ ಹುಡುಗರನ್ನು ಗೆದ್ದದ್ದಕ್ಕೂ, ದೇಶದ ಬಲಿಷ್ಠ ತಂಡವನ್ನು ಗೆದ್ದದ್ದಕ್ಕೂ ಪಟ್ಟಿಯಲ್ಲಿ ಒಂದೊಂದೇ ಗೆರೆ.

ಇನ್ನೊಂದು ಸಂಗತಿಯೂ ಇದೆ. ಸಾವಿರದ ಗೆಲುವಿನ ದಿನ ಮಿಷಿಗನ್‌ನ ಮುಖ್ಯ ತರಬೇತುದಾರ ಜಿಮ್ ಹಾರ್ಬಾ ಮೈದಾನದಲ್ಲಿರಲಿಲ್ಲ. ಎದುರಾಳಿಗಳ ಸಂಕೇತಗಳನ್ನು ನಿಯಮ ಮೀರಿ ಕದ್ದು ತಿಳಿಯುತ್ತಿದ್ದರೆಂಬ ಪ್ರಕರಣದಲ್ಲಿ ಅವರನ್ನು ಮೂರು ಪಂದ್ಯಗಳಿಗೆ ಅಮಾನತು ಮಾಡಲಾಗಿತ್ತು. 2025ರ ಆಗಸ್ಟ್‌ನಲ್ಲಿ ಎನ್‌ಸಿಎಎ ಆ ಪ್ರಕರಣದಲ್ಲಿ ಭಾರಿ ದಂಡ ಹಾಕಿತು. ಗೆಲುವುಗಳನ್ನು ಮಾತ್ರ ಮುಟ್ಟಲಿಲ್ಲ. ಹಾಗಾದರೆ ಯಾವ ಗೆಲುವನ್ನು ಮುಟ್ಟಿದರು?

ರದ್ದು ಎಂದರೇನು?

ಇಲ್ಲಿ ಎರಡು ಪದಗಳನ್ನು ಬೇರೆಬೇರೆಯಾಗಿ ತಿಳಿಯಬೇಕು. ಒಂದು ‘ಫೋರ್‌ಫಿಟ್’. ಇದರಲ್ಲಿ ಗೆದ್ದವರ ಗೆಲುವು ಸೋಲಾಗುತ್ತದೆ, ಸೋತವರ ಸೋಲು ಗೆಲುವಾಗುತ್ತದೆ. ಇನ್ನೊಂದು ‘ವೆಕೇಟ್’, ಅಂದರೆ ರದ್ದು. ಇದರಲ್ಲಿ ಗೆದ್ದವರ ಗೆಲುವು ಲೆಕ್ಕದಿಂದ ಹೋಗುತ್ತದೆ, ಆದರೆ ಸೋತವರ ಸೋಲು ಹಾಗೆಯೇ ಉಳಿಯುತ್ತದೆ. ಅಂದರೆ ಒಬ್ಬರು ಸೋತಿದ್ದಾರೆ, ಆದರೆ ಅವರನ್ನು ಸೋಲಿಸಿದವರು ಯಾರೂ ಇಲ್ಲ! ಗಣಿತದ ಮೇಷ್ಟ್ರು ಒಪ್ಪದ ಲೆಕ್ಕ ಇದು.

ಆಲಬಾಮಾ ವಿಶ್ವವಿದ್ಯಾಲಯದ ಪ್ರಕರಣ ನೋಡಿ. ಅಲ್ಲಿ ವಿದ್ಯಾರ್ಥಿವೇತನ ಪಡೆದ ಆಟಗಾರರಿಗೆ ಪಠ್ಯಪುಸ್ತಕಗಳು ಉಚಿತ. ಕೆಲವರು ತಮಗೆ ಬೇಕಾದದ್ದಕ್ಕಿಂತ ಹೆಚ್ಚು ಪುಸ್ತಕ ಪಡೆದು ಸ್ನೇಹಿತರಿಗೂ ಕೊಟ್ಟರು. 16 ಕ್ರೀಡೆಗಳ 201 ಆಟಗಾರರ ಹೆಸರು ಇದರಲ್ಲಿ ಬಂತು. 2009ರಲ್ಲಿ ಎನ್‌ಸಿಎಎ ಆ ತಂಡದ 21 ಫುಟ್‌ಬಾಲ್ ಗೆಲುವುಗಳನ್ನು ರದ್ದುಮಾಡಿತು. 2005ರಲ್ಲಿ 10 ಗೆದ್ದು 2 ಸೋತಿದ್ದ ತಂಡ ಈಗ ದಾಖಲೆಯಲ್ಲಿ ಏನೂ ಗೆಲ್ಲದೆ 2 ಸೋತ ತಂಡ. ಪಠ್ಯಪುಸ್ತಕದ ಕಾರಣಕ್ಕೆ ಫುಟ್‌ಬಾಲ್ ಗೆಲುವು ಹೋದದ್ದು ನಮ್ಮ ಮಕ್ಕಳಿಗೆ ವಿಚಿತ್ರವೆನಿಸಬಹುದು.

ನೋಟರ್‌ಡಾಮ್ ವಿಶ್ವವಿದ್ಯಾಲಯದ ಸಮಸ್ಯೆ ನಮಗೆ ಪರಿಚಿತವಾದದ್ದೇ, ಓದಿನಲ್ಲಿ ಮೋಸ. ಕೆಲವು ಆಟಗಾರರಿಗೆ ಬರವಣಿಗೆಯಲ್ಲಿ ಸಲ್ಲದ ನೆರವು ಸಿಕ್ಕಿತ್ತು. 2012 ಮತ್ತು 2013ರ ಒಟ್ಟು 21 ಗೆಲುವುಗಳು ರದ್ದಾದವು. ವಿಶ್ವವಿದ್ಯಾಲಯದ ಮೇಲ್ಮನವಿಯೂ 2018ರ ಫೆಬ್ರವರಿಯಲ್ಲಿ ತಿರಸ್ಕೃತವಾಯಿತು. ತಪ್ಪನ್ನು ತಾವೇ ತನಿಖೆ ಮಾಡಿ ಕ್ರಮ ಕೈಗೊಂಡ ಸಂಸ್ಥೆಗೆ ಹೀಗೆ ಶಿಕ್ಷೆಯಾದರೆ ಮುಂದೆ ಪ್ರಾಮಾಣಿಕವಾಗಿ ತನಿಖೆ ಮಾಡುವವರು ಯಾರು ಎಂಬ ವಾದವನ್ನು ಅಲ್ಲಿಯವರು ಮುಂದಿಟ್ಟರು. ಅದು ತಳ್ಳಿಹಾಕುವ ವಾದವಲ್ಲ.

ಒಂದು ಪ್ರಶಸ್ತಿ, ಎರಡು ದಾಖಲೆ

ಸದರ್ನ್ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯ 2005ರ ಜನವರಿಯಲ್ಲಿ ಒಕ್ಲಹೋಮಾ ತಂಡವನ್ನು 55–19ರಿಂದ ಮಣಿಸಿ ರಾಷ್ಟ್ರೀಯ ಪ್ರಶಸ್ತಿ ಪಡೆಯಿತು. ಆ ತಂಡದ ತಾರೆ ರೆಜಿ ಬುಷ್ ಅದೇ ವರ್ಷ ಅತ್ಯುತ್ತಮ ಆಟಗಾರನಿಗೆ ಕೊಡುವ ಹೈಸ್‌ಮನ್ ಟ್ರೋಫಿಯನ್ನೂ ಗೆದ್ದರು. ಬುಷ್ ಮತ್ತು ಅವರ ಕುಟುಂಬಕ್ಕೆ ಏಜೆಂಟರಾಗಲು ಬಯಸಿದವರಿಂದ ಹಣ, ಉಡುಗೊರೆಗಳು ಸಂದಿದ್ದವೆಂದು ಎನ್‌ಸಿಎಎ 2010ರಲ್ಲಿ ತೀರ್ಮಾನಿಸಿತು. ಕಾಲೇಜು ಆಟಗಾರ ಹಣ ಪಡೆಯಬಾರದೆಂಬುದು ಆಗಿನ ನಿಯಮ. 14 ಗೆಲುವುಗಳು ರದ್ದಾದವು. ಹೀಗಾಗಿ 12 ಗೆದ್ದು, ಕೊನೆಯ ಒಂದೇ ಪಂದ್ಯವನ್ನು ಟೆಕ್ಸಾಸ್ ವಿರುದ್ಧ 41–38ರಿಂದ ಸೋತ ಆ 2005ರ ತಂಡ ಈಗ ದಾಖಲೆಯಲ್ಲಿ ಸೊನ್ನೆ ಗೆಲುವು, ಒಂದು ಸೋಲಿನ ತಂಡ.

2011ರಲ್ಲಿ ಒಂದು ಸಂಸ್ಥೆ ಅವರ ರಾಷ್ಟ್ರೀಯ ಪ್ರಶಸ್ತಿಯನ್ನು ಹಿಂತೆಗೆದುಕೊಂಡಿತು. ಅದೇ ವರ್ಷದ ಆಟಕ್ಕೆ ಅವರನ್ನು ಚಾಂಪಿಯನ್ ಎಂದು ಆರಿಸಿದ್ದ ಸುದ್ದಿಸಂಸ್ಥೆ ಅಸೋಸಿಯೇಟೆಡ್ ಪ್ರೆಸ್ ತನ್ನ ಆಯ್ಕೆಯನ್ನು ಬದಲಿಸಲಿಲ್ಲ. ಒಂದೇ ತಂಡ, ಒಂದೇ ವರ್ಷ, ಒಂದು ಪಟ್ಟಿಯಲ್ಲಿ ಚಾಂಪಿಯನ್, ಇನ್ನೊಂದರಲ್ಲಿ ಖಾಲಿ ಜಾಗ.

ಕಾಲವೂ ಬದಲಾಯಿತು. 2021ರ ಜುಲೈಯಿಂದ ಆಟಗಾರರು ತಮ್ಮ ಹೆಸರು, ಚಿತ್ರ ಬಳಸಿ ಹಣ ಗಳಿಸಬಹುದೆಂದಾಯಿತು. 2025ರಿಂದ ವಿಶ್ವವಿದ್ಯಾಲಯಗಳೇ ಅವರಿಗೆ ನೇರವಾಗಿ ಹಣ ಕೊಡಬಹುದು. ಬದಲಾದ ಈ ಪರಿಸ್ಥಿತಿಯಲ್ಲಿ, 2010ರಲ್ಲಿ ಬುಷ್ ಬಿಟ್ಟುಕೊಟ್ಟಿದ್ದ ಟ್ರೋಫಿಯನ್ನು 2024ರ ಏಪ್ರಿಲ್‌ನಲ್ಲಿ ಅವರಿಗೆ ಮರಳಿಸಲಾಯಿತು. ತಂಡದ 14 ಗೆಲುವುಗಳು ಮಾತ್ರ ಮರಳಲಿಲ್ಲ.

ಅಳಿಸಬಾರದ ನೋವು

ಇದುವರೆಗೆ ಹೇಳಿದ್ದು ಪುಸ್ತಕ, ಹಣ, ಪರೀಕ್ಷೆಯ ವಿಷಯ. ಪೆನ್ ಸ್ಟೇಟ್ ವಿಶ್ವವಿದ್ಯಾಲಯದ ಪ್ರಕರಣವನ್ನು ಇವುಗಳ ಸಾಲಿಗೆ ಸೇರಿಸಲು ಕೈ ಬರುವುದಿಲ್ಲ. ಅಲ್ಲಿ ಬಹುಕಾಲ ಸಹಾಯಕ ತರಬೇತುದಾರನಾಗಿದ್ದ ಜೆರ್ರಿ ಸ್ಯಾಂಡಸ್ಕಿ ಬಾಲಕರ ಮೇಲೆ ವರ್ಷಗಟ್ಟಲೆ ದೌರ್ಜನ್ಯ ನಡೆಸಿದ್ದ. 2012ರ ಜೂನ್‌ನಲ್ಲಿ 45 ಆರೋಪಗಳಲ್ಲಿ ಅವನು ಅಪರಾಧಿಯೆಂದು ತೀರ್ಪಾಯಿತು. ಮುಖ್ಯ ತರಬೇತುದಾರ ಜೋ ಪಟರ್ನೊ ಅವರನ್ನು ಹಿಂದಿನ ನವೆಂಬರ್‌ನಲ್ಲೇ ವಿಶ್ವವಿದ್ಯಾಲಯ ತೆಗೆದುಹಾಕಿತ್ತು. ಅವರು 2012ರ ಜನವರಿಯಲ್ಲಿ ತೀರಿಕೊಂಡರು. ಅದೇ ಜುಲೈನಲ್ಲಿ ಮೈದಾನದ ಬಳಿಯಿದ್ದ ಅವರ ಪ್ರತಿಮೆಯನ್ನು ತೆರವುಗೊಳಿಸಿದರು. ಮರುದಿನ ಎನ್‌ಸಿಎಎ 6 ಕೋಟಿ ಡಾಲರ್ ದಂಡ ವಿಧಿಸಿ, 1998ರಿಂದ 2011ರವರೆಗಿನ 112 ಗೆಲುವುಗಳನ್ನು ರದ್ದುಮಾಡಿತು. ಅವುಗಳಲ್ಲಿ 111 ಪಟರ್ನೊ ಅವರವು. 409 ಇದ್ದ ಅವರ ಲೆಕ್ಕ 298ಕ್ಕೆ ಇಳಿಯಿತು.

ಪಟರ್ನೊ ಅವರ ಹೆಸರು ಕೆಳಗಿಳಿದಾಗ ಮೇಲ್ದರ್ಜೆಯ ತರಬೇತುದಾರರ ಪಟ್ಟಿಯಲ್ಲಿ ಮತ್ತೆ ಮೊದಲಿಗರಾದವರು 408 ಗೆಲುವಿನ ಎಡ್ಡಿ ರಾಬಿನ್ಸನ್. ಕರಿಯರಿಗೆ ದೊಡ್ಡ ವಿಶ್ವವಿದ್ಯಾಲಯಗಳ ಬಾಗಿಲು ಮುಚ್ಚಿದ್ದ ಕಾಲದಿಂದ, 1941ರಿಂದ 1997ರವರೆಗೆ, ಲೂಯಿಸಿಯಾನಾದ ಗ್ರ್ಯಾಂಬ್ಲಿಂಗ್ ಎಂಬ ಕರಿಯರ ಕಾಲೇಜಿನಲ್ಲಿ ತಂಡ ಕಟ್ಟಿದವರು ಅವರು. ಅವರನ್ನು ಪಟರ್ನೊ ಒಂದೇ ಒಂದು ಗೆಲುವಿನಿಂದ ದಾಟಿದ್ದರು. 2015ರ ಜನವರಿಯಲ್ಲಿ ಒಂದು ಕಾನೂನು ಒಪ್ಪಂದದ ಮೂಲಕ ಪೆನ್ ಸ್ಟೇಟ್‌ನ ಎಲ್ಲ 112 ಗೆಲುವುಗಳೂ ಮರಳಿದವು. ರಾಬಿನ್ಸನ್ ಪುನಃ ಎರಡನೆಯವರಾದರು. ಅಷ್ಟುಹೊತ್ತಿಗೆ ಅವರೂ ತೀರಿಕೊಂಡು ವರ್ಷಗಳಾಗಿದ್ದವು. ಮೈದಾನದಲ್ಲಿ ಯಾರೂ ಒಂದು ಪಂದ್ಯವನ್ನೂ ಆಡಲಿಲ್ಲ, ಪಟ್ಟಿ ಎರಡು ಸಲ ತಲೆಕೆಳಗಾಯಿತು.

ಆ ದಿನಗಳಲ್ಲಿ ಗೆಲುವುಗಳನ್ನು ಕಿತ್ತದ್ದು ಸರಿಯೇ, ಮರಳಿಸಿದ್ದು ಸರಿಯೇ ಎಂಬ ಚರ್ಚೆ ಬಹಳ ನಡೆಯಿತು. ನನಗೆ ಕಾಣುವುದು ಇಷ್ಟು. ನೊಂದ ಬಾಲಕರಿಗೂ ಆ 112 ಪಂದ್ಯಗಳಿಗೂ ಸಂಬಂಧವೇ ಇಲ್ಲ. ಪಂದ್ಯಗಳನ್ನು ಅಳಿಸಿದ್ದರಿಂದ ಅವರ ನೋವು ಕಡಿಮೆಯಾಗಲಿಲ್ಲ, ಮರಳಿಸಿದ್ದರಿಂದ ಹೆಚ್ಚಿನ ನ್ಯಾಯವೂ ಸಿಗಲಿಲ್ಲ. ಸಂಖ್ಯೆಯ ಮೇಲೆ ವಾದ ನಡೆಯುವಾಗ ಮಕ್ಕಳು ಮರೆಗೆ ಸರಿದರು. ಆ 6 ಕೋಟಿ ಡಾಲರ್ ಪೆನ್ಸಿಲ್ವೇನಿಯಾದಲ್ಲಿ ಮಕ್ಕಳ ಮೇಲಿನ ದೌರ್ಜನ್ಯ ತಡೆಯಲು, ನೊಂದವರಿಗೆ ನೆರವಾಗಲು ಖರ್ಚಾಗಬೇಕೆಂದು ಅದೇ ಒಪ್ಪಂದದಲ್ಲಿ ನಿಶ್ಚಯವಾಯಿತು. ಇಡೀ ಪ್ರಕರಣದಲ್ಲಿ ನಾನು ಹೆಚ್ಚು ಬೆಲೆ ಕೊಡುವುದು ಆ ಒಂದು ಸಾಲಿಗೆ.

ನಾವು ಕಲಿಯುವುದೇನು?

ಶಿಕ್ಷೆ ಬೇಡವೆಂದು ನಾನು ಹೇಳುತ್ತಿಲ್ಲ. ಮೋಸದಿಂದ ಬಂದ ಗೆಲುವಿಗೆ ಪ್ರಾಮಾಣಿಕ ಗೆಲುವಿನ ಗೌರವ ಸಲ್ಲಬಾರದು. ದಂಡ ಹಾಕಬಹುದು, ಟ್ರೋಫಿ ಹಿಂಪಡೆಯಬಹುದು, ತಪ್ಪಿತಸ್ಥರನ್ನು ಹೊರಗಿಡಬಹುದು. ಆದರೆ ‘ಆ ಪಂದ್ಯವನ್ನು ಯಾರೂ ಗೆಲ್ಲಲಿಲ್ಲ’ ಎಂದು ಬರೆದರೆ ಅದು ಶಿಕ್ಷೆಯಲ್ಲ, ಸುಳ್ಳು ಇತಿಹಾಸ. ಅದರಿಂದ ಮೋಸವೂ ಮರೆಯಾಗುತ್ತದೆ. ಸೊನ್ನೆಯನ್ನು ನೋಡಿದ ಮುಂದಿನ ಪೀಳಿಗೆಗೆ ಆ ತಂಡ ದುರ್ಬಲವಾಗಿತ್ತೆಂದು ಅನ್ನಿಸುತ್ತದೆಯೇ ಹೊರತು ತಪ್ಪು ಮಾಡಿತ್ತೆಂದು ಅನ್ನಿಸುವುದಿಲ್ಲ. ಜೊತೆಗೆ, ಯಾವ ತಪ್ಪನ್ನೂ ಮಾಡದೆ ಬೆವರು ಸುರಿಸಿದ ಹತ್ತಾರು ಹುಡುಗರ ಶ್ರಮವೂ ಅದೇ ಸೊನ್ನೆಯೊಳಗೆ ಹೋಗುತ್ತದೆ.

ಸರಿಯಾದ ದಾರಿ ಎರಡನ್ನೂ ಬರೆಯುವುದು. ಇಷ್ಟು ಪಂದ್ಯ ಗೆದ್ದರು, ಇಂಥ ಕಾರಣಕ್ಕೆ ಇಂಥ ವರ್ಷ ಇಷ್ಟನ್ನು ರದ್ದುಮಾಡಲಾಯಿತು, ಅದನ್ನು ಮಾಡಿದವರು ಇಂಥವರು. ಮಿಷಿಗನ್ ವಿಶ್ವವಿದ್ಯಾಲಯದಲ್ಲೇ ಇದಕ್ಕೊಂದು ಮಾದರಿ ಇದೆ. ಅಲ್ಲಿನ ಬಾಸ್ಕೆಟ್‌ಬಾಲ್ ತಂಡ 1992 ಮತ್ತು 1993ರಲ್ಲಿ ರಾಷ್ಟ್ರೀಯ ಟೂರ್ನಿಯ ಕೊನೆಯ ಹಂತ ತಲುಪಿತ್ತು. ಹಣದ ಹಗರಣ ಬಯಲಾದ ಮೇಲೆ, 2002ರಲ್ಲಿ, ಅದರ ಪತಾಕೆಗಳನ್ನು ಕ್ರೀಡಾಂಗಣದಿಂದ ಇಳಿಸಿದರು. ಆದರೆ ಸುಡಲಿಲ್ಲ, ಹರಿಯಲಿಲ್ಲ. ವಿಶ್ವವಿದ್ಯಾಲಯದ ಬೆಂಟ್ಲಿ ಐತಿಹಾಸಿಕ ಗ್ರಂಥಾಲಯದಲ್ಲಿ ಜೋಪಾನವಾಗಿ ಇಟ್ಟರು. ಹೆಮ್ಮೆಯಿಂದ ತೂಗುಹಾಕುವ ಜಾಗ ಬೇರೆ, ನಡೆದದ್ದನ್ನು ಉಳಿಸಿಡುವ ಜಾಗ ಬೇರೆ ಎಂಬ ವಿವೇಕ ಅದರಲ್ಲಿದೆ.

ನಮ್ಮ ಶಾಲೆಯ ಐವತ್ತು ವರ್ಷಗಳ ಕಥೆಯನ್ನು ಮುಂದೆ ಬರೆಯುವವರು ಈಗ ಇಲ್ಲಿ ಓದುತ್ತಿರುವ ಮಕ್ಕಳೇ. ಗೆದ್ದ ಶೀಲ್ಡುಗಳ ಜೊತೆಗೆ ಸೋತ ಪಂದ್ಯಗಳನ್ನೂ, ಉತ್ತಮ ಫಲಿತಾಂಶದ ಜೊತೆಗೆ ಕಡಿಮೆ ಫಲಿತಾಂಶದ ವರ್ಷಗಳನ್ನೂ ಬರೆಯಿರಿ. ತಪ್ಪಾಗಿದ್ದರೆ ಅದರ ಪಕ್ಕದಲ್ಲಿ ತಪ್ಪು ಎಂದು ಬರೆಯಿರಿ, ಆದರೆ ಹಾಳೆಯನ್ನು ಹರಿಯಬೇಡಿ. ಶತಮಾನೋತ್ಸವದ ಸಂಚಿಕೆಯನ್ನು ಓದುವವರು ನಿಮ್ಮ ಮಾತನ್ನು ನಂಬಲು ಅದೊಂದೇ ಆಧಾರ.